ಮಗ್ಗದ ಗುಂಡಿಯೂ ನನ್ನ ಹೊಟ್ಟೆಯೂ

ಸಣ್ಣಗಾಗಲು ಆಪರೇಷನ್ ಮಾಡಿಸಿಕೊಂಡವನ ಮನೆಯಲ್ಲಿ ನಗುವಿಗೆ ಬರವಿಲ್ಲ. ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವನು. ಗುಂಡಿಮಗ್ಗದಲ್ಲಿ ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂತು, ನೇಯ್ದಷ್ಟನ್ನೂ ಹೊಟ್ಟೆಯ ಮುಂದಿನ ಮರದ ದಿಂಡಿಗೆ ಸುತ್ತಬೇಕು. ಮೈ ಬೆಳೆದೂ ಬೆಳೆದೂ, ಇಳಿದರೆ ನನ್ನನ್ನು ಮೇಲೆತ್ತಲು ಇಬ್ಬರು ಬೇಕಾದರು. ಏದುಸಿರು ಬೇರೆ. ಮಗಳ ಧಾರೆ ಸೀರೆ ನಾನೇ ನೇಯಬೇಕೆಂದು ಹಟ ಹಿಡಿದಿದ್ದೆ, ಅದು ಮಗ್ಗದಲ್ಲೇ ಅರ್ಧಕ್ಕೆ ನಿಂತಿತು. ಹೆದರಿಕೊಂಡೇ ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡೆ.

ಟೀವಿ ನೋಡಿಕೊಂಡು

ಯಳಂದೂರಿನಿಂದ ಸೋದರತ್ತೆ ನೋಡಲು ಬಂದರು. ಹೊಟ್ಟೆಯ ಮೇಲಿದ್ದ ಪುಟ್ಟ ಪುಟ್ಟ ತೂತಿನ ಗುರುತು ಕಂಡು ಅವರಿಗೆ ನಿರಾಸೆಯಾಯಿತು.

"ಇದೇನ್ಲಾ, ಸೊಳ್ಳೆ ಕಡ್ದಂಗದೆ?"

"ತೂತಿನೊಳಗೆ ಕ್ಯಾಮೆರಾ ಬುಡ್ತಾರೆ ಅತ್ತೆ. ಡಾಕ್ಟ್ರು ಟೀವಿಲಿ ನೋಡ್ಕಂಡು ಒಳಗೆ ಕುಯ್ತಾರೆ."

ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು. "ಟೀವಿ ನೋಡ್ಕಂಡಾ? ನನ್ ಸೊಸೆ ಟೀವಿ ನೋಡ್ಕಂಡು ಸಾರಿಗೇ ಎರಡ್ ಸಲ ಉಪ್ಪಾಕ್ತಾಳೆ ಕಣ್ಲಾ!"

ನೀರಾದ್ದು ಮಾತ್ರ

ಮೊದಮೊದಲು ಬರೀ ನೀರಾದ್ದನ್ನೇ ಗುಟುಕು ಗುಟುಕಾಗಿ ಕುಡಿಯಬೇಕು, ಸಿಹಿ ಮುಟ್ಟಲೇಬಾರದು ಎಂದಿದ್ದರು ಡಾಕ್ಟರು. ಕುಂತೂರಿನ ಭಾಮೈದ ಕಬ್ಬು ಬೆಳೆಯುವವನು. ಒಂದು ಕ್ಯಾನ್ ತುಂಬ ಕಬ್ಬಿನ ಹಾಲು ಹೊತ್ತು ತಂದ.

"ಸಿಹಿ ಕೂಡದು ಅಂದವ್ರೆ ಕಣಪ್ಪ," ಎಂದೆ.

"ಗೊತ್ತು ಬಾವ. ಅದ್ಕೇ ಒಂದು ಕಾಳೂ ಸಕ್ಕರೆ ಆಕಿಲ್ಲ, ದೇವ್ರಾಣೆ!"

ಮತ್ತೆ ಗುಂಡಿಗೆ

ತಿಂಗಳುಗಳು ಕಳೆದವು. ನನ್ನ ಅಂಗಿಯೊಳಗೆ ಇನ್ನೊಬ್ಬ ಹಿಡಿಸುವಷ್ಟು ಇಳಿದೆ. ಡಾಕ್ಟರು ಕೆಲಸಕ್ಕೆ ಒಪ್ಪಿಗೆ ಕೊಟ್ಟ ಬೆಳಿಗ್ಗೆ ಮಗ್ಗದ ಧೂಳು ಒರೆಸಿ, ಕೈ ಮುಗಿದು, ಯಾರ ಸಹಾಯವೂ ಇಲ್ಲದೆ ಗುಂಡಿಗೆ ಇಳಿದೆ. ಕಣ್ಣು ತುಂಬಿ ಬಂತು.

ಲಾಳಿ ನಾಲ್ಕು ಸಲ ಓಡಿತೋ ಇಲ್ಲವೋ, ದಿಂಡು ಹಿಂದಕ್ಕೆ ತಿರುಗಿ ಸೀರೆ ಜೋಲು ಬಿತ್ತು. ಬಿಗಿ ಮಾಡಿದೆ. ಮತ್ತೆ ಜೋಲು. ಇಷ್ಟೆಲ್ಲ ಕೊಯ್ಯಿಸಿಕೊಂಡದ್ದು ಇದಕ್ಕಾ ಎಂದು ಅಳುವೇ ಬಂತು.

ಹೆಂಡತಿ ಬಗ್ಗಿ ನೋಡಿದಳು. ದಿಂಡು ಹಿಂದಕ್ಕೆ ತಿರುಗದಂತೆ ತಡೆಯುವ ಹಲ್ಲು ಯಾವ ಕಾಲದಲ್ಲೋ ಸವೆದು ಹೋಗಿತ್ತು. ಇಷ್ಟು ವರ್ಷ ದಿಂಡನ್ನು ಒತ್ತಿ ಹಿಡಿದದ್ದು ನನ್ನ ಹೊಟ್ಟೆ!

ಬಡಗಿ ಬಂದು ಹೊಸ ಹಲ್ಲು ಕೂರಿಸಿದ. ಧಾರೆ ಸೀರೆ ಈಗ ಸೆರಗಿನವರೆಗೂ ಬಂದಿದೆ. ಆದರೆ ಅವತ್ತು ಹೆಂಡತಿ ಸವೆದ ಹಲ್ಲನ್ನೊಮ್ಮೆ, ಚಪ್ಪಟೆಯಾದ ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಅಂದಳು:

"ಕುಂತು ತಿನ್ನದ್ ಬುಟ್ರೆ ಏನೂ ಕೆಲ್ಸ ಇಲ್ಲ ಅಂತ ಆ ಒಟ್ಟೆನ ಎಷ್ಟು ಬೈದ್ನಲ್ಲಾ ಕಣ್ರಿ! ಪಾಪ, ಮನೇಲಿ ರಜಾ ಇಲ್ದೆ ದುಡೀತಿದ್ದದ್ದು ಅದೊಂದೇಯ!"