ಮೈಸೂರಿನ ಸಾರ್‌ಗೆ ನೂರನೇ ಹಕ್ಕಿ

ಆಗಸ್ಟ್ ಮುಗಿದು ಮಳೆ ಒಂಚೂರು ಬಿಟ್ಟರೆ ಸಾಕು, ನಮ್ಮ ತಿತಿಮತಿ ಕಡೆ ಮೊದಲು ಅಣಬೆ ಏಳ್ತವೆ, ಆಮೇಲೆ ಕುತ್ತಿಗೆಗೆ ಬೈನಾಕ್ಯುಲರ್ ನೇತುಹಾಕಿಕೊಂಡ ಜನ ಏಳ್ತಾರೆ. ಅಣಬೆಯಾದರೂ ಸಾರಿಗಾಗುತ್ತೆ. ನಮ್ಮ ಚಿಕ್ಕಮ್ಮನ ಹೋಂಸ್ಟೇಗೆ ಬರೋ ಇಂಥವರಿಗೆ ತೋಟ ಸುತ್ತಿಸೋ ಕೆಲಸ ನನ್ನದು. ಹತ್ತನೇ ಕ್ಲಾಸಿಗೆ ಎರಡು ಸಲ ಕೂತವನಿಗೆ ಇನ್ನೇನು ಕೊಡ್ತಾರೆ.

ಈ ಸಲ ಬಂದವರು ಮೈಸೂರಿನ ಗಂಡ ಹೆಂಡತಿ. ಸಾರ್ ಇದುವರೆಗೆ ನೋಡಿದ ಹಕ್ಕಿ ತೊಂಬತ್ತೊಂಬತ್ತು ಜಾತಿ. ಇನ್ನೊಂದನ್ನ ಕಣ್ಣಾರೆ ಕಂಡರೆ ಅವರ ಹಕ್ಕಿ ಬಳಗದವರು ಬ್ಯಾಡ್ಜ್ ಚುಚ್ಚುತ್ತಾರಂತೆ. ಪಕ್ಕದ ಮನೆಯವರಿಗೆ ಆಗಲೇ ಚುಚ್ಚಿಯಾಗಿದೆ. ಆ ಸಂಕಟಕ್ಕೆ ಸಾರ್‌ಗೆ ನಿದ್ದೆಯಿಲ್ಲ ಅಂತ ಮೇಡಮ್ಮೇ ಹೇಳಿದರು. ಹನ್ನೊಂದಕ್ಕೆ ವಾಪಸ್ ಹೊರಡಬೇಕು, ಇರೋದು ಈ ಒಂದು ಬೆಳಗ್ಗೆ.

ಮೌನ

ಅಂಗಳ ದಾಟೋ ಮೊದಲೇ ಸಾರ್ ಪಾಠ ಶುರು ಮಾಡಿದರು. ಮಾತಾಡಬಾರದು, ಕೆಮ್ಮಬಾರದು, ಉಸಿರು ಮೆಲ್ಲಗೆ ಬಿಡಬೇಕು. ಜಿಗಣೆ ಹತ್ತದಿರಲಿ ಅಂತ ಕಾಲಿಗೆ ಹಚ್ಚೋಕೆ ಹೊಗೆಸೊಪ್ಪಿನ ನೀರು ಕೊಟ್ಟೆ. ವಾಸನೆಗೆ ಹಕ್ಕಿ ಹಾರಿಹೋಗುತ್ತೆ, ಬೇಡ ಅಂದರು. ಅವರು ಹಾಕಿದ್ದ ಸೆಂಟಿಗೆ ನಮ್ಮ ನಾಯಿ ಮೂರು ಸಲ ಸೀನಿತ್ತು. ಹತ್ತು ನಿಮಿಷಕ್ಕೆ ಜಿಗಣೆಯೊಂದು ಪ್ಯಾಂಟಿನೊಳಗೆ ಮೊಣಕಾಲು ದಾಟಿ ಮೇಲೆ ಹೋಯಿತು. ಸಾರ್ ಕೂಗಿದ ಕೂಗಿಗೆ ತೋಟದ ಹಕ್ಕಿಯೆಲ್ಲ ಒಟ್ಟಿಗೆ ಎದ್ದವು. ಒಂದೇ ಸಲ ಅಷ್ಟು ಹಕ್ಕಿ ನಾನೂ ಕಂಡಿರಲಿಲ್ಲ. ಎಲ್ಲದರ ಹಿಂಬದಿ ಮಾತ್ರ ಕಾಣ್ತಿತ್ತು, ಅಷ್ಟೆ.

ಫೋನು

ಸದ್ದು ಕೇಳಿ ಹಕ್ಕಿಯ ಹೆಸರು ಹೇಳೋ ಆ್ಯಪ್ ಸಾರ್ ಫೋನಲ್ಲಿತ್ತು. ಕಾಫಿ ಗಿಡಗಳಾಚೆ 'ಕೀಂಯ್' ಅಂತ ಕೇಳಿದ್ದೇ ತಡ, ಅದು ಯಾವುದೋ ಉದ್ದದ ಇಂಗ್ಲಿಷ್ ಹೆಸರು ತೋರಿಸಿತು. ಹೇಗಾದರೂ ಕಣ್ಣಿಗೆ ಬೀಳಲಿ ಅಂತ ಸಾರ್ ಕೆಸರಲ್ಲಿ ಹೊಟ್ಟೆ ಮೇಲೆ ತೆವಳಿದರು. ಅದೇನು ಸದ್ದು ಅಂತ ನನಗೆ ಗೊತ್ತಿತ್ತು. ತೆವಳೋದು ನೋಡೋಕೆ ಚೆನ್ನಾಗಿತ್ತು, ಸುಮ್ಮನಿದ್ದೆ. ಗಿಡ ಸರಿಸಿದರೆ ಎಸ್ಟೇಟಿನ ಲೆಕ್ಕ ಬರೆಯೋ ರೈಟರ್, ಮಳೆಗೆ ತುಕ್ಕು ಹಿಡಿದ ಗೇಟನ್ನು ತಳ್ಳುತ್ತಾ ನಿಂತಿದ್ದರು. ಕೆಳಗೆ ಮಲಗಿದ್ದ ಸಾರ್ ಕಡೆ ನೋಡಿ, "ಏನ್ ಬಿದ್ದೋಯ್ತು ಸಾರ್, ನಾನೂ ಹುಡುಕ್ಲಾ?" ಅಂದರು.

ಸಿಳ್ಳೆ

ಹತ್ತೂವರೆಗೆ ಇಬ್ಬರನ್ನೂ ತೊರೆ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಕಡುನೀಲಿ ಹಕ್ಕಿಯೊಂದಿದೆ, ಪೋಲಿ ಹುಡುಗರ ಥರ ಸಿಳ್ಳೆ ಹೊಡೆಯುತ್ತೆ. ಅದು ಸಾರ್ ಪಟ್ಟಿಯಲ್ಲಿ ಇರಲಿಲ್ಲ. ಅದರ ಸಿಳ್ಳೆ ನನಗೆ ಚೆನ್ನಾಗಿ ಬರುತ್ತೆ, ಕ್ಲಾಸಿಂದ ಮೊದಲ ಸಲ ಹೊರಗೆ ಹಾಕಿದ್ದೇ ಅದಕ್ಕೆ. ತೇವಕ್ಕೆ ಲೆನ್ಸ್ ಮಬ್ಬಾಗಿತ್ತು ಅಂತ ಸಾರ್ ಕ್ಯಾಮೆರಾವನ್ನು ಬೆನ್ನ ಹಿಂದೆ ಟ್ರೈಪಾಡ್ ಮೇಲೆ ಆರೋಕೆ ಬಿಟ್ಟಿದ್ದರು. ನಾನು ಉಚ್ಚೆಗೆ ಹೋಗ್ತೀನಿ ಅಂತ ಹೇಳಿ, ಎದುರಿನ ಪೊದೆ ಹಿಂದೆ ಕೂತು ಸಿಳ್ಳೆ ಹಾಕಿದೆ. ಸಾರ್ ಬೈನಾಕ್ಯುಲರ್ ಪೊದೆಗೆ ನೆಟ್ಟರು, ಬಾಯಿ ತೆರೆದೇ ಇತ್ತು. ಇನ್ನೊಂದು ಸಿಳ್ಳೆ ಹಾಕಿದ್ದೆನೋ ಇಲ್ಲವೋ, ತನ್ನ ಜಾಗಕ್ಕೆ ಯಾವನೋ ಬಂದ ಅಂತ ನಿಜವಾದ ಹಕ್ಕಿಯೇ ಹಾರಿಬಂದು ಆ ಕ್ಯಾಮೆರಾ ಮೇಲೆ ಕೂತಿತು. ನನ್ನ ಸಿಳ್ಳೆ ನಿಂತುಹೋಯಿತು.

"ರೀ, ನಿಮ್ಮ ಕ್ಯಾಮೆರಾ ಮೇಲೆ ನೀಲಿ ಹಕ್ಕಿ ಕೂತಿದೆ" ಅಂತ ಮೇಡಂ ಪಿಸುಗುಟ್ಟಿದರು.

ಸಾರ್ ಪೊದೆಯಿಂದ ಕಣ್ಣು ತೆಗೆಯಲಿಲ್ಲ. "ಮೊದ್ಲು ಅದನ್ನ ಓಡ್ಸು. ಅದಕ್ಕೆ ಹೆದರ್ಕೊಂಡು ನಮ್ಮ ಹಕ್ಕಿ ಸಿಳ್ಳೆ ನಿಲ್ಲಿಸಿದೆ."

ಮೇಡಂ ಕೊಡೆ ಬಿಚ್ಚಿ ಓಡಿಸಿದರು.