ಎಡಗೆನ್ನೆಯ ಉಬ್ಬು

ಪೆನ್ಸಿಲು ಹಿಡಿದು ಮನುಷ್ಯರ ಮುಖ ಬರೆಯುವುದು ನನ್ನ ಕಸುಬು. ಫೋನೂ ಕಂಪ್ಯೂಟರೂ ಅದೇ ಕಸುಬಿಗೆ ಇಳಿದ ಮೇಲೆ ನನಗೆ ಕೆಲಸ ಕಡಿಮೆಯಾಗಿದೆ, ನಗುವುದಕ್ಕೆ ಮಾತ್ರ ಕೊರತೆಯಿಲ್ಲ. ವಾರಕ್ಕೊಂದಾದರೂ ಏನಾದರೂ ಆಗಿಯೇ ಆಗುತ್ತದೆ.

ನವನಗರದಲ್ಲಿ ನನ್ನ ಅಂಗಡಿ. ಗೋಡೆಯಾಚೆ ನನ್ನ ಹಳೆಯ ಗೆಳೆಯ ಸಾಹೇಬರ ಫೋಟೋ ಸ್ಟುಡಿಯೋ. ನಾನು ಎಂಟು ದಿನ ಕೂತು ಬರೆಯುವ ಚಿತ್ರವನ್ನು ಅವರ ಕಂಪ್ಯೂಟರು ಚಹಾ ಆರುವುದರೊಳಗೆ ಮಾಡಿ ಕೊಡುತ್ತದೆ. ಅದೂ ಥೇಟ್ ಕೈಯಿಂದ ಬರೆದ ಹಾಗೆ. "ದೀಪಾವಳಿತನಾ ನೋಡೂಣು. ಆಮ್ಯಾಲ ಅಂಗಡಿ ಬಾಗಲಾ ಹಾಕಿ ಸಾಹೇಬ್ರ ಹಂತ್ಯಾಕ ಕೆಲಸಕ್ಕ ಹೋಗ್ರಿ," ಎಂದು ನನ್ನ ಹೆಂಡತಿ ಗಡುವು ಕೊಟ್ಟಿದ್ದಳು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಈ ಯಂತ್ರದ ಕಣ್ಣಿಗೆ ನಮ್ಮ ಮಂದಿ ಹೇಗೆ ಕಾಣುತ್ತಾರೆ ಎಂದು ನೋಡುವ ಚಟ ಹತ್ತಿ, ದಿನಕ್ಕೆ ನಾಲ್ಕು ಸಲ ಸ್ಟುಡಿಯೋಕ್ಕೆ ಹೋಗಿ ಸಾಹೇಬರ ಬೆನ್ನ ಹಿಂದೆ ನಿಲ್ಲುತ್ತಿದ್ದೆ.

ಸುಕ್ಕಿನ ಜೊತೆ ಹೋದದ್ದು

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ತೀರಿಹೋದ ತಂದೆಯ ಫೋಟೋ ತಂದಿದ್ದರು. ಅದನ್ನು ಪೆನ್ಸಿಲ್ ಚಿತ್ರ ಮಾಡಿಸಿ ಅಂಗಡಿಯಲ್ಲಿ ಹಾಕಬೇಕಿತ್ತು. ಹಣೆಯ ತುಂಬ ಮೂರು ಸಾಲು ವಿಭೂತಿ, ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿ ಕರಡಿಗೆ, ಒಳ್ಳೆಯ ತುಂಬು ಮುಖ.

"ಸ್ವಲ್ಪ ಸುಕ್ಕ ತಗದ ಬಿಡೂಣ್ರಿ," ಎಂದು ಸಾಹೇಬರು ಒಂದು ಗುಂಡಿ ಒತ್ತಿದರು. ಹಣೆಯ ಮೇಲೆ ಅಡ್ಡಡ್ಡ ಮೂರು ಗೆರೆ ಕಂಡರೆ ಪಾಪ, ಯಂತ್ರವಾದರೂ ಏನೆಂದುಕೊಳ್ಳಬೇಕು? ಸುಕ್ಕಿನ ಜೊತೆ ವಿಭೂತಿಯನ್ನೂ ಒರೆಸಿ ಹಾಕಿತು. ಕರಡಿಗೆ ಎಂದರೇನೆಂದು ಗೊತ್ತಿಲ್ಲದೆ, ದಾರದಲ್ಲಿ ತೂಗುವ ಒಂದು ಸೀಟಿ ಬರೆಯಿತು.

ವ್ಯಾಪಾರಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ಸಾಹೇಬ್ರ, ನಮ್ಮಪ್ಪ ಹುಟ್ಟಿದಾಗಿಂದ ಅಂಗಡಿ ಗಾದಿ ಬಿಟ್ಟ ಎದ್ದಾಂವ ಅಲ್ಲ. ಅವಂಗ ಪಿ.ಟಿ. ಮಾಸ್ತರ್ಕಿ ಯಾವಾಗ ಕೊಡಿಸಿದ್ರಿ?"

ಸಾಹೇಬರು ಕೆನ್ನೆ ಕೆನ್ನೆ ಬಡಿದುಕೊಂಡು ನನ್ನನ್ನು ಮುಂದೆ ತಳ್ಳಿದರು. ಅಂದು ನಾನು ಮಾಡಿದ ಕೆಲಸ ಇಷ್ಟೇ: ಒಬ್ಬ ಹಿರಿಯರಿಗೆ ವಿಭೂತಿ ಹಚ್ಚಿ, ಅವರ ಕೊರಳಿನ ಸೀಟಿ ಕಸಿದುಕೊಂಡೆ.

ಮೊದಲು ಆಕೆಯನ್ನು ನೇಯಬೇಕು

ಅದೇ ವ್ಯಾಪಾರಿಗೆ ಯಂತ್ರದ ಮೇಲೆ ಸಿಟ್ಟು ಬರಲಿಲ್ಲ, ಮೋಹ ಬಂತು. ತಮ್ಮ ಫೋನಿನಲ್ಲಿದ್ದ ಅಂಥದೇ ಯಂತ್ರದಿಂದ ಇಳಕಲ್ ಸೀರೆಯ ಚಿತ್ರ ಬರೆಸಿದರು. ಕೊಡ ಹೊತ್ತ ಹೆಣ್ಣು, ಕೆಂಪು ಸೆರಗು, ಬಣ್ಣದ ಪೆನ್ಸಿಲಿನಲ್ಲಿ ಯಾರೋ ತಿಂಗಳುಗಟ್ಟಲೆ ಕೂತು ಬರೆದಂತೆ ಕಾಣುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು.

"ಇಂಥಾದ್ದ ಒಂದ ಸೀರಿ ನೇಯ್ಸೋದೈತಿ. ನೀವೂ ಬರ್ರಿ, ನೇಕಾರಗ ತಿಳಿಲಿಲ್ಲಂದ್ರ ದೊಡ್ಡದ ಮಾಡಿ ಬರದ ಕೊಡೀರಂತ," ಎಂದು ನನ್ನನ್ನು ಇಳಕಲ್ಲಿಗೆ ಕರೆದುಕೊಂಡು ಹೋದರು.

ನೇಕಾರ ಮಗ್ಗದಿಂದ ಮೇಲೆದ್ದು ಬಂದ. ಚಿತ್ರವನ್ನು ಮೆಚ್ಚಲೂ ಇಲ್ಲ, ಹಳಿಯಲೂ ಇಲ್ಲ. ಸೆರಗಿನ ಒಂದು ಬಿಳಿ ಎಳೆಯ ಮೇಲೆ ಬೆರಳಿಟ್ಟು ಅದು ಎಲ್ಲಿಗೆ ಹೋಗುತ್ತದೆಂದು ಹಿಂಬಾಲಿಸಿದ. ಎಳೆ ಅಂಚಿಗೆ ಬಂತು, ಅಂಚು ದಾಟಿ ಆಕೆಯ ಮೊಳಕೈಯೊಳಗೆ ಹೊಕ್ಕಿತು, ಕೊಡದ ಕಂಠದಲ್ಲಿ ಹೊರಬಿದ್ದು ಮತ್ತೆ ಸೆರಗಿಗೆ ಇಳಿಯಿತು. ಅವನು ಮತ್ತೊಂದು ಎಳೆ ಹಿಡಿದ. ಅದು ಮೂಗುತಿಗೆ ಹೋಯಿತು.

"ಆಗ್ತೈತೋ ಇಲ್ಲೋ ಹೇಳಪಾ," ಎಂದರು ವ್ಯಾಪಾರಿ.

"ಯಾಕ ಆಗೂದಿಲ್ಲರಿ, ಆಗ್ತೈತಿ," ಎಂದ ನೇಕಾರ ಗಂಭೀರವಾಗಿ. "ಆದ್ರ ಮೊದಲ ಈ ಅಕ್ಕನ್ನ ನೇಯ್ಬೇಕು, ಆಮ್ಯಾಲ ಕೊಡಾ ನೇಯ್ಬೇಕು. ಅವೆರಡೂ ಇಲ್ಲಂದ್ರ ಸೀರಿ ನಿಂದರೂದಿಲ್ಲ. ಕೊಂಡವ್ರು ಮೂರನ್ನೂ ಕೂಡೇ ಒಯ್ಬೇಕಾಕೈತಿ, ನೋಡ್ರಿ."

ಚಹಾ ಚೆಲ್ಲುವ ಪಾಠ

ಬಾದಾಮಿಯ ಹೊಂಡದ ಮೆಟ್ಟಿಲ ಮೇಲೆ ಕೂತು ಒಂದು ಇಡೀ ದಿನ ಬಂಡೆ, ನೀರು, ಗುಡಿ ಬರೆದೆ. ಗುಡಿ ಅರ್ಧ ಬರೆದಿದ್ದಾಗ ಮಂಗ ನನ್ನ ರಬ್ಬರು ಒಯ್ದಿತ್ತು. ಹಾಗಾಗಿ ತಪ್ಪುಗಳೆಲ್ಲ ಹಾಗೇ ಉಳಿದವು. ಮರಳುವಾಗ ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ಚಹಾ ಕುಡಿದೆ. ಬಸ್ಸು ಬಂತೆಂದು ಗಡಬಡಿಸಿ ಎದ್ದಾಗ ಅರ್ಧ ಚಹಾ ಚಿತ್ರದ ಆಕಾಶಕ್ಕೆ ಬಿತ್ತು.

"ಮಾರೀ ಸಣ್ಣದ ಮಾಡಬ್ಯಾಡ, ರಿಪೇರಿ ಮಾಡೂಣು," ಎಂದರು ಸಾಹೇಬರು. ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಮೊದಲು ಸ್ವಚ್ಛ ಮಾಡಿಸಿದರು. ಚಹಾ ಹೋಯಿತು, ನನ್ನ ಸೊಟ್ಟ ಗುಡಿಯೂ ನೆಟ್ಟಗಾಯಿತು. ಈಗ ಅದು ಕ್ಯಾಲೆಂಡರಿನ ಹಾಗೆ ಕಾಣತೊಡಗಿತು. "ಹಿಂಗಾದ್ರ ಕೈಲೆ ಬರದದ್ದಂತ ಯಾರ ನಂಬ್ತಾರ?" ಎಂದು ಅವರೇ ಗೊಣಗಿ, ಕೈಯಿಂದ ಬರೆದಂತೆ ಮಾಡುವ ಫಿಲ್ಟರ್ ಹಾಕಿದರು.

ಯಂತ್ರ ಗುಡಿಯನ್ನು ಸ್ವಲ್ಪ ಸೊಟ್ಟ ಮಾಡಿತು. ಕಾಗದವನ್ನು ಹಳದಿ ಮಾಡಿತು. ಕೊನೆಗೆ ಮೂಲೆಯಲ್ಲಿ, ಕಪ್ ಇಟ್ಟು ಎತ್ತಿದ ಹಾಗೆ, ದುಂಡಗೆ ಒಂದು ಚಹಾದ ಗುರುತು ಹಾಕಿತು!

ಸಾಹೇಬರು ನನ್ನ ಕಾಗದವನ್ನೂ ಕಂಪ್ಯೂಟರನ್ನೂ ನೋಡಿ ನ್ಯಾಯ ಹೇಳಿದರು. "ಮಾಸ್ತರ, ಬೇಜಾರ ಮಾಡ್ಕೋಬ್ಯಾಡ. ಗುಡಿ ನಿಂದ ಚಂದ ಐತಿ. ಆದ್ರ ಚಹಾ ಚೆಲ್ಲೂದರಾಗ ಅದೇ ಶಾಣ್ಯಾ."

ಅಜ್ಜಿಯ ಸೆರಗು

ದೀಪಾವಳಿ ಹತ್ತಿರ ಬಂದಿತ್ತು. ರಾಮಥಾಳದ ಕಡೆಯಿಂದ ಒಬ್ಬ ಅಜ್ಜಿ ಮಗನ ಜೊತೆ ಸ್ಟುಡಿಯೋಕ್ಕೆ ಬಂದಳು. ಗಂಡ ತೀರಿ ವರ್ಷವಾಗುತ್ತ ಬಂದಿತ್ತು, ವರ್ಷದ ಪೂಜೆಗೆ ಒಂದು ಚಿತ್ರ ಬೇಕಿತ್ತು. ಇದ್ದದ್ದು ಒಂದೇ ಫೋಟೋ, ಯಾರದೋ ಮದುವೆಯದು. ಅದರಲ್ಲೂ ಅಜ್ಜನ ಎಡ ಅರ್ಧ ಮುಖ ಮುಂದೆ ನಿಂತವರ ತಲೆಯ ರುಮಾಲಿನ ಹಿಂದೆ ಅಡಗಿತ್ತು. "ಅವ್ರ ಮಾರಿ ಮರತ ಹೋಗ್ತೇನೇನೋ ಅಂತ ಅಂಜಿಕಿ ಬಂದೈತ್ರಿ," ಎಂದಳು ಅಜ್ಜಿ. ಆ ಮಾತು ಕೇಳಿ ನನಗೆ ಸಂಕಟವಾಯಿತು.

ಕಂಪ್ಯೂಟರಿಗೆ ಸಂಕಟವೇನೂ ಆಗಲಿಲ್ಲ. ಕಂಡ ಅರ್ಧವನ್ನು ನೋಡಿ ಕಾಣದ ಅರ್ಧವನ್ನು ತಾನೇ ಬರೆಯಿತು. ಮಗ, "ಖರೇನ ಅಪ್ಪನ ನೋಡಿದಂಗಾತು," ಎಂದು ಪರದೆಯನ್ನು ಅಜ್ಜಿಯ ಕಡೆ ತಿರುಗಿಸಿದ.

ಅಜ್ಜಿ ಗಡಬಡಿಸಿ ಸೆರಗನ್ನು ತಲೆ ತುಂಬ ಎಳೆದುಕೊಂಡು ಮಗನ ಹಿಂದೆ ಸರಿದಳು. "ಯಾರಪಾ ಅವ್ರು? ಭಾಳ ದೊಡ್ಡ ಮಂದಿ ಕಾಣ್ತಾರು. ಚಹಾ ತರಸು," ಎಂದಳು ಪಿಸುಮಾತಿನಲ್ಲಿ.

ಸಾಹೇಬರು ಇನ್ನೂ ನಾಲ್ಕು ಮುಖ ತೆಗೆದರು. ನಾಲ್ಕಕ್ಕೂ ಸೆರಗು ಒಂದೊಂದು ಇಂಚು ಮುಂದೆ ಬಂತು. ಕೊನೆಗೆ ಅಜ್ಜಿಯ ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಸಾಹೇಬರು ಸೋತು ಅವರನ್ನು ನನ್ನ ಅಂಗಡಿಗೆ ಕಳಿಸಿದರು.

ನನ್ನ ಹತ್ತಿರ ಗುಂಡಿಯಿಲ್ಲ, ಕೇಳುವ ಬಾಯಿ ಇದೆ. "ಅಜ್ಜಿ, ರುಮಾಲಿನ ಹಿಂದ ಈ ಕಡೆ ಗಲ್ಲದಾಗ ಏನಿತ್ತು?" ಎಂದು ಕೇಳಿದೆ.

"ತಂಬಾಕ ಇತ್ತ ನೋಡಪಾ!" ಎಂದಳು ಥಟ್ಟನೆ. ನಲವತ್ತು ವರ್ಷ ಅದೊಂದೇ ಜಗಳವಂತೆ. ಎಡಗೆನ್ನೆಯಲ್ಲಿ ಉಂಡೆ ಇಟ್ಟುಕೊಂಡರೆ ಅಜ್ಜನ ಬಾಯಿ ಆ ಕಡೆ ಸೊಟ್ಟಗಾಗುತ್ತಿತ್ತು, ಕಣ್ಣು ಸಣ್ಣದಾಗುತ್ತಿತ್ತು. ಮೂರು ದಿನ ಬಂದು ಎದುರಿಗೆ ಕೂತು, "ಇನ್ನಾ ಉಬ್ಬಸು, ಇನ್ನಾ ಸ್ವಲ್ಪ," ಎಂದು ಹೇಳಿ ಹೇಳಿ ಬರೆಸಿದಳು. ಮಗ ಮಾತ್ರ ಒದ್ದಾಡಿದ. "ಪೂಜಾ ಮಾಡೂ ಚಿತ್ರದಾಗ ತಂಬಾಕ ಯಾಕ್ರಿ ಮಾಸ್ತರ? ಮಂದಿ ನಗ್ತಾರ."

ಮುಗಿದ ದಿನ ನನಗೆ ಬುತ್ತಿ ತಂದ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ಸಾಹೇಬರು. ನಾನು ಚಿತ್ರದ ಮೇಲಿನ ಬಟ್ಟೆ ತೆಗೆದೆ. ಎಲ್ಲರ ಕಣ್ಣೂ ಅಜ್ಜಿಯ ಸೆರಗಿನ ಮೇಲೆ.

ಸೆರಗು ಅಲುಗಲಿಲ್ಲ. ಅಜ್ಜಿ ಸೀದಾ ಚಿತ್ರದ ಮುಂದೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಮಂದಿ ಮುಂದರೆ ಉಗುಳಿ ಬರಬಾರ್ದ? ಎಷ್ಟ ಸಲ ಹೇಳ್ಬೇಕ್ರಿ ನಿಮಗ?" ಎಂದು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಬೈಯುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದನ್ನು ಒರೆಸಿಕೊಂಡು ಮತ್ತೆ ಬೈಯುತ್ತಿದ್ದಳು. ಮಗ ತಂಬಾಕಿನ ತಕರಾರು ಬಿಟ್ಟು ಕಿಸೆಯಿಂದ ದುಡ್ಡು ತೆಗೆದ.

"ನನ್ನ ಐದು ಚಿತ್ರಕ್ಕ ಚಹಾ, ನಿಂದ ಒಂದಕ್ಕ ಇಷ್ಟ ಬೈಗುಳ," ಎಂದು ಸಾಹೇಬರು ಬೆನ್ನು ತಟ್ಟಿದರು. "ಗೆದ್ದಿ ಮಾಸ್ತರ!" ಹೆಂಡತಿ ಬುತ್ತಿ ಕೆಳಗಿಟ್ಟು, "ನಾಳಿ ಮುಂಜಾನೆ ಅಂಗಡಿ ಬಾಗಲಾ ಲಗೂನ ತಗೀರಿ," ಎಂದಷ್ಟೇ ಹೇಳಿದಳು.

ಚಿತ್ರವನ್ನು ಎದೆಗವಚಿಕೊಂಡು ಅಜ್ಜಿ ಆಟೋ ಹತ್ತಿದಳು. ಒಳಗೆ ಕೂತ ಮೇಲೂ ಜಗಳ ಮುಗಿದಿರಲಿಲ್ಲ. "ಮೊದಲ ಅದನ್ನ ಉಗುಳ್ರಿ! ಉಗುಳಿದ ಮ್ಯಾಲ ಮನಿ ಕಡೆ ಹೋಗೂದು!" ಎಂದು ಗದರಿದಳು. ಆಟೋದವನು ಬೆಚ್ಚಿಬಿದ್ದು, ಹೊರಗೆ ಬಾಗಿ, ಬಾಯಲ್ಲಿದ್ದ ಗುಟ್ಕಾವನ್ನೆಲ್ಲ ರಸ್ತೆಗೆ ಉಗುಳಿ, ತೋಳಿನಿಂದ ಬಾಯಿ ಒರೆಸಿಕೊಂಡು ಕೈಮುಗಿದ.

"ಉಗುಳಿದ್ನಿರಿ ಅಜ್ಜಿ. ಈಗ ಹೋಗೂಣೇನ್ರಿ?"