ಸುಳಿಯಲ್ಲಿ ಆದ ರಾಜಿ

ಶಾಲೆಯ ಸಮಾರಂಭದಲ್ಲಿ ಡ್ರಾಯಿಂಗ್ ಮೇಷ್ಟ್ರು ಕಣ್ಣು ಮುಚ್ಚಿ ಹಾಡುತ್ತಿದ್ದಾಗ ಲೆಕ್ಕದ ಮೇಷ್ಟ್ರಿಗೆ ಫಕ್ಕನೆ ನಗು ಬಂತು. ಕೆಮ್ಮಿ ಮರೆಮಾಚಲು ಹೋದರೆ ಇನ್ನೂ ಜೋರಾಯಿತು. ಇಡೀ ಸಭೆಯೇ ಗೊಳ್ಳೆಂದಿತು. ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯರಾಗಿದ್ದ ಡ್ರಾಯಿಂಗ್ ಮೇಷ್ಟ್ರು ಅಂದಿನಿಂದ "ಲೋ" ಎನ್ನುವುದನ್ನು ಬಿಟ್ಟು "ಸಾರ್" ಎನ್ನತೊಡಗಿದರು. ಮಾತಾಡಲು ಹೋದರೆ ಎದ್ದು ಹೋಗುತ್ತಿದ್ದರು. ಹಾಳಾದ ನಗು! ಮನೆಗೆ ಹೋಗಿ ನಕ್ಕಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?

ಶಿಕ್ಷಕರ ಪ್ರವಾಸದಲ್ಲಿ ಕಣಿವೆಯ ಹೊಳೆಯಲ್ಲಿ ರಬ್ಬರ್ ದೋಣಿಯ ಸವಾರಿ ಎಂದಾಗ, ಬಕೆಟ್ಟಿನ ನೀರಿಗೂ ಹೆದರುವ ಲೆಕ್ಕದ ಮೇಷ್ಟ್ರೇ ಮೊದಲು ಕೈ ಎತ್ತಿದರು. ದೋಣಿಯಿಂದ ಎದ್ದು ಹೋಗುವುದೆಲ್ಲಿಗೆ? ಕ್ಷಮೆ ಕೇಳಿದರೆ ಕೇಳಿಸಿಕೊಳ್ಳಲೇಬೇಕು.

"ನೀವಿಬ್ರೂ ಮುಂದೆ ಕೂತ್ಕೊಳ್ಳಿ. ರಾಜಿ ಆಗದೆ ಇಳಿಯೋ ಹಾಗಿಲ್ಲ!" ಎಂದರು ಹೆಡ್‌ಮಿಸ್ಟ್ರೆಸ್.

"ಅವತ್ತು ನಾನು ನಕ್ಕಿದ್ದು..." ಎಂದು ಲೆಕ್ಕದ ಮೇಷ್ಟ್ರು ಶುರುಮಾಡಿದರು.

"ಹುಟ್ಟು ಹಾಕಿ, ಸಾರ್," ಎಂದು ಡ್ರಾಯಿಂಗ್ ಮೇಷ್ಟ್ರು ಮುಖ ತಿರುಗಿಸಿದರು.

ತಿರುವು ದಾಟುತ್ತಲೇ ಹೊಳೆಯ ವರಸೆ ಬದಲಾಯಿತು. ಎರಡೂ ಕಡೆಯ ಬಂಡೆಗಳು ಹತ್ತಿರ ಬಂದವು. ನಡುವೆ ನೀರು ನೊರೆಗಟ್ಟಿ ಭೋರ್ಗರೆಯಿತು. "ಎಡಕ್ಕೆ! ಜೋರಾಗಿ!" ಎಂದು ಹಿಂದಿನಿಂದ ದೋಣಿಯವನು ಕೂಗಿದ. ಲೆಕ್ಕದ ಮೇಷ್ಟ್ರು ಗಾಬರಿಯಲ್ಲಿ ಗಾಳಿಗೆ ಹುಟ್ಟು ಹಾಕಿದರು; ಅದೂ ಕೈಜಾರಿ ಹೋಯಿತು. ದೋಣಿ ಬಂಡೆಗೆ ಬಡಿದು, ಸುಳಿಗೆ ಸಿಕ್ಕಿ ಗಿರಗಿರನೆ ತಿರುಗಿತು. ಇಬ್ಬರೂ ಒದ್ದೆ ಬೆಕ್ಕುಗಳ ಹಾಗೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಬಿದ್ದರು.

"ಮುಗೀತು ಕಣೋ ನಮ್ಮ ಕತೆ!" ಎಂದು ಡ್ರಾಯಿಂಗ್ ಮೇಷ್ಟ್ರು ಕಿರುಚಿದರು.

"ಲೋ, ಅವತ್ತು ನಕ್ಕಿದ್ದು ತಪ್ಪಾಯ್ತು ಕಣೋ!"

"ಹೋಗ್ಲಿ ಬಿಡೋ! ಕ್ಷಮಿಸಿದೀನಿ! ನೀನು ನನ್ನ ತಮ್ಮ ಇದ್ದ ಹಾಗೆ!"

ಸಾವಿನ ಬಾಯಲ್ಲಿ ಕೂತಿದ್ದರೂ ಲೆಕ್ಕದ ಮೇಷ್ಟ್ರಿಗೆ ಹಾಯೆನಿಸಿತು.

ಅಷ್ಟರಲ್ಲಿ ದೊಡ್ಡ ಅಲೆಯೊಂದು ದೋಣಿಯನ್ನು ಎತ್ತಿ ಆಚೆಗೆ ಎಸೆಯಿತು. ಬಿಸಿಲು ಕಂಡಿತು. ಹೆಡ್‌ಮಿಸ್ಟ್ರೆಸ್ ತಲೆ ಎಣಿಸಿದರು, ಎಲ್ಲರೂ ಇದ್ದರು.

ಡ್ರಾಯಿಂಗ್ ಮೇಷ್ಟ್ರು ಮೆಲ್ಲಗೆ ಕೈ ಬಿಡಿಸಿಕೊಂಡು ಆಚೆ ಸರಿದು ಕೂತರು.

"ಯಾಕೋ?" ಎಂದರು ಲೆಕ್ಕದ ಮೇಷ್ಟ್ರು.

"ಸಾಯ್ತೀವಿ ಅನ್ಕೊಂಡು ಹಾಗಂದೆ, ಸಾರ್. ಬದುಕ್ತೀವಿ ಅಂತ ಗೊತ್ತಿದ್ರೆ ಅಂತಿರ್ಲಿಲ್ಲ. ತಪ್ಪು ತಿಳ್ಕೋಬೇಡಿ."

ಲೆಕ್ಕದ ಮೇಷ್ಟ್ರು ಹಲ್ಲು ಕಟಕಟಿಸುತ್ತಲೇ ದೋಣಿಯವನತ್ತ ತಿರುಗಿದರು. "ಮುಂದೆ ಇನ್ನೊಂದು ಇಂಥದ್ದು ಇದೆಯೇನಪ್ಪಾ? ಇದಕ್ಕಿಂತ ಜೋರಾಗಿರೋದು?"

"ಹೆದರ್ಬೇಡಿ ಸಾರ್," ಎಂದು ಅವನು ಸಮಾಧಾನ ಹೇಳಿದ. "ಇನ್ನು ಇಳಿಯೋವರೆಗೂ ನೀರು ಕೆರೆ ಥರ ಸುಮ್ಮನಿರುತ್ತೆ."